ಗನ್ ಬೇಡ ಅನ್ನುವ ಬೋರ್ಡಿಗೆ ಎಷ್ಟು ಬಲ? ಟೆಕ್ಸಸ್‌ನಲ್ಲಿ ಅಂಗಡಿ, ಹೋಟೆಲ್ ನಡೆಸುವ ಕನ್ನಡಿಗರಿಗೆ ಮಾರ್ಗದರ್ಶಿ

ಡಾಲಸ್ ಪಕ್ಕದ ಊರೊಂದರಲ್ಲಿ ನನ್ನ ಗೆಳೆಯ ದೋಸೆ ಹೋಟೆಲ್ ಇಟ್ಟಿದ್ದಾನೆ. ತೆರೆದ ವಾರವೇ ಬಾಗಿಲಿಗೆ ಒಂದು ಸ್ಟಿಕ್ಕರ್ ಅಂಟಿಸಿದ. ಅಂಗೈ ಅಗಲದ್ದು. ಪಿಸ್ತೂಲಿನ ಚಿತ್ರ, ಅದರ ಮೇಲೆ ಅಡ್ಡಕ್ಕೆ ಕೆಂಪು ಗೆರೆ. ಒಂದು ಶನಿವಾರ ಮಧ್ಯಾಹ್ನ, ಸೊಂಟದಲ್ಲಿ ಪಿಸ್ತೂಲು ಎದ್ದು ಕಾಣುವ ಹಾಗೆ ಸಿಕ್ಕಿಸಿಕೊಂಡಿದ್ದ ಒಬ್ಬರು ಒಳಗೆ ಬಂದರು. ಮರ್ಯಾದೆಯಿಂದ ಕೂತರು, ಮಸಾಲೆ ದೋಸೆ ಹೇಳಿದರು. ಕ್ಯಾಶಿನಲ್ಲಿ ಕೂತಿದ್ದ ಗೆಳೆಯನ ಹೆಂಡತಿಗೆ ಕೈ ನಡುಕ. ಪಕ್ಕದ ಟೇಬಲ್ಲಿನವರು ಅರ್ಧ ತಿಂದ ತಟ್ಟೆ ಬಿಟ್ಟು ಮಕ್ಕಳನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು. ಸಂಜೆ ಗೆಳೆಯ ಫೋನ್ ಮಾಡಿದ. "ಬೋರ್ಡು ಹಾಕಿದ್ದೀನಲ್ಲ, ಅವರು ಒಳಗೆ ಬಂದದ್ದು ತಪ್ಪಲ್ವಾ?"

ಅವರ ಹತ್ತಿರ ಲೈಸೆನ್ಸ್ ಇದ್ದರೆ ತಪ್ಪಲ್ಲ. ಟೆಕ್ಸಸ್ ಕಾನೂನಿನ ಕಣ್ಣಲ್ಲಿ ಆ ಚಿತ್ರ ಅವರನ್ನು ತಡೆಯುವುದಿಲ್ಲ. ಅವನಿಗೆ ಇದನ್ನು ಹೇಳಿದಾಗ ನಂಬಲಿಲ್ಲ. ಇಬ್ಬರೂ ಕೂತು ಕಾನೂನು ತೆರೆದು ಓದಿದೆವು. ಅಲ್ಲಿಂದ ಇಲ್ಲಿಯವರೆಗೆ ನಾಲ್ಕಾರು ಅಂಗಡಿಗಳಿಗೆ, ಒಂದು ದೇವಸ್ಥಾನದ ಸಮಿತಿಗೆ ಬೋರ್ಡು ಸರಿ ಮಾಡಿಕೊಳ್ಳಲು ಕೈಜೋಡಿಸಿದ್ದೇನೆ. ನಾನು ವಕೀಲನಲ್ಲ. ನಿಮ್ಮ ಜಾಗಕ್ಕೆ ಏನಾದರೂ ವಿಶೇಷ ತೊಡಕಿದ್ದರೆ ವಕೀಲರನ್ನು ಕೇಳಲೇಬೇಕು. ಆದರೆ ಬಾಗಿಲಿನ ಬೋರ್ಡು ಸರಿಯಾಗಿದೆಯೋ ಇಲ್ಲವೋ ಅನ್ನುವುದನ್ನು ನೀವೇ ಅಳತೆ ಟೇಪು ಹಿಡಿದು ನೋಡಿಕೊಳ್ಳಬಹುದು.

ನಮ್ಮ ಕಡೆ ಇಂಥ ಬೋರ್ಡಿನ ಮಾತೇ ಬರುವುದಿಲ್ಲ. ಕರ್ನಾಟಕದಲ್ಲಿ ಬಂದೂಕು ಬೇಕೆಂದರೆ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಕೊಡುವ ಲೈಸೆನ್ಸ್ ಬೇಕು. ಲೈಸೆನ್ಸಿನಿಂದ ವಿನಾಯಿತಿ ಇರುವ ಕೊಡವರ ಮನೆಗಳಲ್ಲೂ ಕೋವಿ ಪೂಜೆಗೆ ಬರುವ ವಸ್ತು. ಅದನ್ನು ಹೆಗಲಿಗೇರಿಸಿಕೊಂಡು ಯಾರೂ ಮಡಿಕೇರಿಯ ಹೋಟೆಲಿಗೆ ಕಾಫಿ ಕುಡಿಯಲು ಹೋಗುವುದಿಲ್ಲ. ಟೆಕ್ಸಸ್‌ನಲ್ಲಿ ಲೆಕ್ಕ ಉಲ್ಟಾ. ಇಲ್ಲಿ 1996ರಿಂದ ಲೈಸೆನ್ಸ್ ಪಡೆದವರು ಪಿಸ್ತೂಲು, ರಿವಾಲ್ವರಿನಂಥ ಕೈಬಂದೂಕು, ಅಂದರೆ ಹ್ಯಾಂಡ್‌ಗನ್ ಮುಚ್ಚಿಟ್ಟುಕೊಂಡು ಓಡಾಡಬಹುದು. 2016ರ ಜನವರಿ 1ರಿಂದ ಅವರೇ ಅದನ್ನು ಕಾಣುವಂತೆಯೂ ಇಟ್ಟುಕೊಳ್ಳಬಹುದು. 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿದ, ಗನ್ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲದ ಯಾರೇ ಆದರೂ ಲೈಸೆನ್ಸ್ ಇಲ್ಲದೆಯೂ ಹ್ಯಾಂಡ್‌ಗನ್ ಒಯ್ಯಬಹುದು. ಅಂದರೆ ನಿಮ್ಮ ಬಾಗಿಲಲ್ಲಿ ಏನೂ ಬರೆದಿಲ್ಲದಿದ್ದರೆ "ತನ್ನಿ, ಪರವಾಗಿಲ್ಲ" ಅಂತಲೇ ಅರ್ಥ. ಬೇಡ ಅನ್ನುವ ಹಕ್ಕು ನಿಮಗೆ ಪೂರ್ತಿ ಇದೆ. ಆದರೆ ಅದನ್ನು ಹೇಳಬೇಕಾದವರು ನೀವು, ಮತ್ತು ಕಾನೂನು ಹೇಳಿದ ರೀತಿಯಲ್ಲಿ ಹೇಳಬೇಕು.

ಹೆಜ್ಜೆ 1: ಯಾರನ್ನು ತಡೆಯಬೇಕು ಅಂತ ಮೊದಲು ತೀರ್ಮಾನಿಸಿ

ಟೆಕ್ಸಸ್ ದಂಡ ಸಂಹಿತೆಯಲ್ಲಿ ಇದಕ್ಕೆ ಮೂರು ಕಲಮುಗಳಿವೆ. ಮೂರಕ್ಕೂ ಬೇರೆ ಬೇರೆ ಬೋರ್ಡು. ಇಲ್ಲಿನವರು ಅದನ್ನು ನಂಬರಿನಲ್ಲೇ ಕರೆಯುತ್ತಾರೆ. "ಥರ್ಟಿ ಓ ಸಿಕ್ಸ್ ಹಾಕಿದ್ದಾರಾ?" ಅಂತ ಕೇಳುವುದು ಇಲ್ಲಿ ಮಾಮೂಲಿ ಮಾತು.

30.06 ಬೋರ್ಡು, ಲೈಸೆನ್ಸ್ ಇದ್ದು ಹ್ಯಾಂಡ್‌ಗನ್ ಮುಚ್ಚಿಟ್ಟುಕೊಂಡು ಬರುವವರಿಗೆ.

30.07 ಬೋರ್ಡು, ಲೈಸೆನ್ಸ್ ಇದ್ದು ಹ್ಯಾಂಡ್‌ಗನ್ ಕಾಣುವಂತೆ ಇಟ್ಟುಕೊಂಡು ಬರುವವರಿಗೆ.

30.05 ಬೋರ್ಡು, ಲೈಸೆನ್ಸ್ ಇಲ್ಲದೆ ಗನ್ ತರುವವರಿಗೆ. ಇದು ಮಾಮೂಲಿ ಅತಿಕ್ರಮ ಪ್ರವೇಶದ ಕಲಮು. ಗನ್ ಬೋರ್ಡಿನ ಮಾತು ಇದಕ್ಕೆ ಸೇರಿದ್ದು 2021ರಲ್ಲಿ.

ಇಲ್ಲಿ ಜನ ಎಡವುವುದು ಒಂದೇ ಕಡೆ. 30.05 ಬೋರ್ಡಿನ ಮಾತು ಕೇಳಲು ಎಲ್ಲರಿಗೂ ಅನ್ವಯಿಸುವ ಹಾಗಿದೆ. "ಈ ಜಾಗಕ್ಕೆ ಯಾರೂ ಗನ್ ಹಿಡಿದು ಬರಬಾರದು" ಅನ್ನುವ ಅರ್ಥ. ಅದೊಂದನ್ನೇ ಹಾಕಿ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಹ್ಯಾಂಡ್‌ಗನ್ ಲೈಸೆನ್ಸ್ ಇರುವವರಿಗೆ ಆ ಕಲಮಿನಲ್ಲೇ ರಕ್ಷಣೆ ಇದೆ. ತಡೆಗೆ ಕಾರಣ ಹ್ಯಾಂಡ್‌ಗನ್ ಮಾತ್ರ ಆಗಿದ್ದರೆ, ಲೈಸೆನ್ಸ್ ತೋರಿಸಿ ಕೇಸಿನಿಂದ ಪಾರಾಗಬಹುದು. ಅವರನ್ನು ತಡೆಯಲು 30.06, 30.07 ಬೇಕೇ ಬೇಕು. ಇನ್ನೊಂದು ಕಡೆ, 30.06 ಮತ್ತು 30.07 ಎರಡೂ ಹ್ಯಾಂಡ್‌ಗನ್ ಬಗ್ಗೆ ಮಾತ್ರ ಹೇಳುತ್ತವೆ. ಉದ್ದನೆಯ ರೈಫಲ್ ಹೆಗಲಿಗೆ ಹಾಕಿಕೊಂಡು ಬರುವವರಿಗೆ ಅವು ಸಲ್ಲುವುದಿಲ್ಲ. ಅದಕ್ಕೆ 30.05 ಬೇಕು.

ಯಾವ ಗನ್ನೂ ಬೇಡ ಅನ್ನುವವರು ಮೂರನ್ನೂ ಹಾಕಿ. ಕಾಣುವ ಗನ್ ನೋಡಿ ಗಿರಾಕಿಗಳು ಹೆದರಬಾರದು, ಅಷ್ಟೇ ಸಾಕು ಅನ್ನುವವರು 30.07 ಮತ್ತು 30.05 ಹಾಕಿ, ಲೈಸೆನ್ಸ್ ಇರುವವರು ಮುಚ್ಚಿಟ್ಟುಕೊಂಡು ಬಂದರೆ ಬರಲಿ ಅಂತ ಬಿಡಬಹುದು. ಟೆಕ್ಸಸ್‌ನ ದೊಡ್ಡ ದಿನಸಿ ಸರಪಳಿ ಎಚ್‌-ಇ-ಬಿ 2016ರಲ್ಲಿ ಕಾನೂನು ಬದಲಾದಾಗ ಹೀಗೆಯೇ ನಡು ದಾರಿ ಹಿಡಿಯಿತು. ಕಾಣುವ ಗನ್ ಬೇಡ, ಲೈಸೆನ್ಸ್ ಇದ್ದು ಮುಚ್ಚಿಟ್ಟದ್ದು ಪರವಾಗಿಲ್ಲ ಅಂದಿತು. ಯಾವುದು ಸರಿ ಅನ್ನುವುದು ನಿಮ್ಮ ಜಾಗ, ನಿಮ್ಮ ಗಿರಾಕಿಗಳ ಮೇಲೆ ಹೋಗುತ್ತದೆ. ಮಕ್ಕಳು ಜಾಸ್ತಿ ಬರುವ ಕಡೆ ನಾನು ಮೂರನ್ನೂ ಹಾಕಿ ಅಂತಲೇ ಹೇಳುತ್ತೇನೆ.

ಇನ್ನೊಂದು ಮಾತು. ಬೋರ್ಡು ಮಾಲೀಕರಾದ ನಿಮ್ಮನ್ನೇ ತಡೆಯುವುದಿಲ್ಲ. ನೀವು ಒಪ್ಪಿಗೆ ಕೊಟ್ಟವರನ್ನೂ ತಡೆಯುವುದಿಲ್ಲ. ಪೊಲೀಸರನ್ನು ನೀವು ತಡೆಯುವಂತೆಯೂ ಇಲ್ಲ. ಅವರು ಡ್ಯೂಟಿ ಮುಗಿಸಿ ಮಾಮೂಲಿ ಬಟ್ಟೆಯಲ್ಲಿ ಊಟಕ್ಕೆ ಬಂದಿದ್ದರೂ ಅಷ್ಟೇ. 2017ರಿಂದ ಇದು ಕಾನೂನು.

ಹೆಜ್ಜೆ 2: ಮಾತನ್ನು ಇದ್ದ ಹಾಗೇ ನಕಲು ಮಾಡಿ

30.06 ಮತ್ತು 30.07 ಬೋರ್ಡುಗಳ ಒಕ್ಕಣೆಯನ್ನು ಶಾಸನವೇ ಬರೆದು ಕೊಟ್ಟಿದೆ. ಕಲಮಿನ ನಂಬರು, ಅದರ ಹೆಸರು, ಲೈಸೆನ್ಸ್ ಕೊಡುವ ಕಾನೂನಿನ ಅಧ್ಯಾಯ, ಕೊನೆಗೆ "ಹ್ಯಾಂಡ್‌ಗನ್ ಜೊತೆ ಈ ಆಸ್ತಿಯೊಳಗೆ ಬರುವಂತಿಲ್ಲ" ಅನ್ನುವ ತೀರ್ಪು. ಇಷ್ಟೂ ಒಂದೇ ಉದ್ದ ವಾಕ್ಯದಲ್ಲಿದೆ. ಅದನ್ನು ಅಕ್ಷರ ಬಿಡದೆ ನಕಲು ಮಾಡಬೇಕು. "ಸ್ವಲ್ಪ ಸರಳ ಮಾಡ್ತೀನಿ, ಜನಕ್ಕೆ ಅರ್ಥ ಆಗಲಿ" ಅಂತ ಯಾರೂ ಕೈ ಹಾಕಬೇಡಿ. ನಿಮ್ಮ ಇಂಗ್ಲಿಷ್ ಅದಕ್ಕಿಂತ ಚೆನ್ನಾಗಿರಬಹುದು. ಆದರೆ ಬಲ ಇರುವುದು ಆ ಪದಗಳಿಗೇ. 30.05ರ ಒಕ್ಕಣೆ ಮಾತ್ರ ಹೆಚ್ಚುಕಡಿಮೆ ಹಾಗೇ ಇದ್ದರೂ ನಡೆಯುತ್ತದೆ. ಅದನ್ನೂ ಇದ್ದ ಹಾಗೇ ಹಾಕಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಒಕ್ಕಣೆಯನ್ನು ಶಾಸನದ ಪುಟದಿಂದಲೇ ತೆಗೆದುಕೊಳ್ಳಿ. ಟೆಕ್ಸಸ್ ಶಾಸನಗಳೆಲ್ಲ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಟೆಕ್ಸಸ್ ಸ್ಟೇಟ್ ಲಾ ಲೈಬ್ರರಿಯ ತಾಣದಲ್ಲಿ ಗನ್ ಕಾನೂನಿಗೆ ಒಂದು ಕೈಪಿಡಿಯೇ ಇದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಬೋರ್ಡಿನ ಫೋಟೊ ನೋಡಿ ಟೈಪು ಮಾಡಿಸಬೇಡಿ. ಹಳೆಯ ಬೋರ್ಡುಗಳಲ್ಲಿ ಹಳೆಯ ಕಾನೂನಿನ ಒಕ್ಕಣೆ ಇನ್ನೂ ಉಳಿದಿರುತ್ತದೆ.

ಎರಡು ಭಾಷೆ ಕಡ್ಡಾಯ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್. ನನ್ನ ಗೆಳೆಯ ಎರಡನೇ ಸಲ ಬೋರ್ಡು ಮಾಡಿಸಿದಾಗ ಬೋರ್ಡಿನ ಅಂಗಡಿಯವರು "ನಿಮ್ಮ ಗಿರಾಕಿಗಳು ಇಂಡಿಯನ್ಸ್ ತಾನೇ, ಸ್ಪ್ಯಾನಿಷ್ ಯಾಕೆ" ಅಂತ ಅದನ್ನು ಬಿಟ್ಟೇ ಅಚ್ಚು ಹಾಕಿ ಕೊಟ್ಟರು. ದುಡ್ಡೂ ಹೋಯಿತು, ಬೋರ್ಡಿಗೆ ಬಲವೂ ಇಲ್ಲ. ಗಿರಾಕಿಗಳು ಯಾರು ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಕನ್ನಡದಲ್ಲೋ ತೆಲುಗಿನಲ್ಲೋ ಒಂದು ಸಾಲು ಸೇರಿಸಬೇಕು ಅನ್ನಿಸಿದರೆ ಅದನ್ನು ಬೇರೆ ಹಾಳೆಯಲ್ಲಿ ಪಕ್ಕಕ್ಕೆ ಹಾಕಿ. ಕಾನೂನಿನ ಬೋರ್ಡನ್ನು ಮುಟ್ಟಬೇಡಿ.

ಹೆಜ್ಜೆ 3: ಅಳತೆ

ಅಕ್ಷರದ ಎತ್ತರ ಕನಿಷ್ಠ ಒಂದು ಇಂಚು. ದಪ್ಪ, ಬಿಡಿ ಅಕ್ಷರಗಳು. ಹಿನ್ನೆಲೆಗೂ ಅಕ್ಷರಕ್ಕೂ ಬಣ್ಣ ಎದ್ದು ಕಾಣುವಷ್ಟು ಬೇರೆ. ಬಿಳಿಯ ಮೇಲೆ ಕಪ್ಪು ಹಾಕಿದರೆ ತಕರಾರೇ ಇಲ್ಲ.

ಒಂದು ಇಂಚು ಅಂದರೆ ಸಣ್ಣದು ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಉದ್ದ ವಾಕ್ಯ, ಎರಡು ಭಾಷೆ, ಪ್ರತಿ ಅಕ್ಷರ ಒಂದು ಇಂಚು. ಬೋರ್ಡು ದೊಡ್ಡದೇ ಆಗುತ್ತದೆ. ಮೂರು ಬೋರ್ಡು ಹಾಕಿದರೆ ಗಾಜಿನ ಬಾಗಿಲು ಪೂರ್ತಿ ಮುಚ್ಚಿಹೋಗಬಹುದು. ಎಷ್ಟೋ ಜನ ಸುಮ್ನೆ ಒಂದು ಸ್ಟಿಕ್ಕರ್ ಅಂಟಿಸಿ ಬಿಡುವುದು ಇದೇ ಕಾರಣಕ್ಕೆ. ಲೈಸೆನ್ಸ್ ಇರುವವರಿಗೆ ಗೊತ್ತಾಗದ ಹಾಗೆ ಮೂಲೆಯಲ್ಲಿ ಚಿಕ್ಕ ಚಿತ್ರ ಅಂಟಿಸಿ ಆಮೇಲೆ ಅಪರಾಧಿ ಅನ್ನುವುದು ನ್ಯಾಯವಲ್ಲ. ಅದಕ್ಕೇ 1997ರಲ್ಲಿ 30.06 ಮಾಡಿದಾಗ ಒಕ್ಕಣೆಯನ್ನೂ ಅಳತೆಯನ್ನೂ ಸೇರಿಸಿದರು. ಆ ಯೋಚನೆ ಸರಿ ಅಂತ ನನಗೂ ಅನ್ನಿಸುತ್ತದೆ. ಯಾರನ್ನಾದರೂ ಕೋರ್ಟಿಗೆ ಎಳೆಯುವ ಮುಂಚೆ ಅವರಿಗೆ ಸ್ಪಷ್ಟವಾಗಿ ಹೇಳಿರಬೇಕು.

ಬೋರ್ಡು ತಂದ ಮೇಲೆ ಟೇಪು ಹಿಡಿದು ಅತಿ ಚಿಕ್ಕ ಅಕ್ಷರವನ್ನು ಅಳೆಯಿರಿ. ಅಂಗಡಿಯವರ ಮಾತಿನ ಮೇಲೆ ಬಿಡಬೇಡಿ. ಜಾಗ ಉಳಿಸಲು ಸ್ಪ್ಯಾನಿಷ್ ಭಾಗವನ್ನು ಮುಕ್ಕಾಲು ಇಂಚಿಗೆ ಇಳಿಸಿಬಿಟ್ಟಿರುತ್ತಾರೆ.

ಹೆಜ್ಜೆ 4: ಎಲ್ಲಿ ಹಾಕಬೇಕು

30.07 ಮತ್ತು 30.05 ಬೋರ್ಡುಗಳು ಪ್ರತಿ ಪ್ರವೇಶದಲ್ಲೂ ಇರಬೇಕು. ಮುಂಬಾಗಿಲು, ಪಕ್ಕದ ಬಾಗಿಲು, ಪಾರ್ಟಿ ಹಾಲಿಗೆ ಬೇರೆ ಬಾಗಿಲಿದ್ದರೆ ಅದೂ ಸೇರಿ. 30.06ಕ್ಕೆ ಶಾಸನ ಕೇಳುವುದು ಜನರ ಕಣ್ಣಿಗೆ ಚೆನ್ನಾಗಿ ಬೀಳುವ ಜಾಗ ಮಾತ್ರ. ಹಾಗಿದ್ದರೂ ಮೂರನ್ನೂ ಎಲ್ಲ ಬಾಗಿಲಲ್ಲೂ ಹಾಕುವುದೇ ಸರಿ. ಬಾಗಿಲಿನ ರೆಕ್ಕೆಗೆ ಅಂಟಿಸಿ ಆ ಬಾಗಿಲನ್ನು ದಿನವಿಡೀ ಒಳಕ್ಕೆ ತೆರೆದಿಟ್ಟರೆ ಬೋರ್ಡು ಗೋಡೆಗೆ ಮುಖ ಮಾಡಿರುತ್ತದೆ. ಪಕ್ಕದ ಗಾಜಿನ ಮೇಲೆ ಹಾಕಿ. ದೀಪಾವಳಿಯ ತೋರಣ, ಸೇಲ್ ಪೋಸ್ಟರ್, ಮೆನು ಸ್ಟ್ಯಾಂಡ್ ಅಡ್ಡ ಬರಬಾರದು. ಹಾಕಿದ ದಿನವೇ ತಾರೀಖು ಕಾಣುವಂತೆ ಎಲ್ಲ ಬಾಗಿಲಿನ ಫೋಟೊ ತೆಗೆದಿಡಿ. ಮುಂದೆ ಯಾವಾಗಲಾದರೂ "ಬೋರ್ಡೇ ಇರಲಿಲ್ಲ" ಅಂತ ಮಾತು ಬಂದರೆ ಕೈಗೆ ಬರುವುದು ಅದೇ.

ಸ್ಟ್ರಿಪ್ ಮಾಲಿನಲ್ಲಿ ಬಾಡಿಗೆಗಿರುವವರು ತಮ್ಮ ಬಾಗಿಲಿಗೆ ಹಾಕಿಕೊಳ್ಳಿ. ಪಾರ್ಕಿಂಗ್ ಜಾಗ ನಿಮ್ಮದಲ್ಲ. ಬಾಗಿಲಿಗೆ ಏನಾದರೂ ಅಂಟಿಸುವ ಬಗ್ಗೆ ಬಾಡಿಗೆ ಕರಾರಿನಲ್ಲಿ ಏನಿದೆ ಅಂತ ಒಂದು ಸಲ ಓದಿಬಿಡಿ.

ಹೆಜ್ಜೆ 5: ಬಾಯಿಮಾತು

ಇಷ್ಟೆಲ್ಲ ಅಳತೆ, ಒಕ್ಕಣೆ ಹೇಳಿದ ಮೇಲೆ ಒಂದು ನಿಜ ಹೇಳಬೇಕು. ಈ ಕಾನೂನಿನಲ್ಲಿ ಬೋರ್ಡಿಗಿಂತ ಬಾಯಿಮಾತೇ ಗಟ್ಟಿ.

ಸರಿಯಾದ ಬೋರ್ಡು ದಾಟಿ ಗನ್ ತಂದರೆ ಅದು ಸಿ ದರ್ಜೆಯ ಚಿಕ್ಕ ಅಪರಾಧ. ದಂಡ 200 ಡಾಲರ್ ಮೀರುವುದಿಲ್ಲ. ಜೈಲಿಲ್ಲ. ಆದರೆ ಒಳಗೆ ಬಂದವರಿಗೆ ಎದುರಿಗೇ ಬಾಯಿಂದ ಹೇಳಿ, ಆಮೇಲೂ ಅವರು ಹೊರಡದಿದ್ದರೆ ಅದು ಎ ದರ್ಜೆಗೆ ಏರುತ್ತದೆ. ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ, ಅಥವಾ ಎರಡೂ. ಇದರ ಇನ್ನೊಂದು ಮುಖವೂ ಇದೆ. ಲೈಸೆನ್ಸ್ ಇರುವವರು ನೀವು ಹೇಳಿದ ತಕ್ಷಣ ಎದ್ದು ಹೊರಟರೆ, 2019ರ ತಿದ್ದುಪಡಿಯ ಪ್ರಕಾರ ಅದೇ ಅವರಿಗೆ ರಕ್ಷಣೆ. ಹಾಗಾಗಿ ಬೋರ್ಡು ಸರಿ ಇಲ್ಲದ ಅಂಗಡಿಯವರೂ ಕೈಕಟ್ಟಿ ಕೂರಬೇಕಿಲ್ಲ. ಹೇಳಿದರೆ ಸಾಕು. ಅಂದು ಗೆಳೆಯನ ಹೆಂಡತಿ ಎರಡು ಮಾತು ಹೇಳಿದ್ದರೆ ಅದಕ್ಕೆ ಆ ಸ್ಟಿಕ್ಕರಿಗಿಲ್ಲದ ಬಲ ಇರುತ್ತಿತ್ತು. ಅವರಿಗೆ ಅದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಹೇಳುವವರು ಮಾಲೀಕರೇ ಆಗಬೇಕಿಲ್ಲ. ಮಾಲೀಕರ ಪರವಾಗಿ ಕೆಲಸ ನೋಡುತ್ತಿರುವಂತೆ ಕಾಣುವ ಯಾರು ಹೇಳಿದರೂ ನಡೆಯುತ್ತದೆ. ಮ್ಯಾನೇಜರ್, ಕ್ಯಾಶಿಯರ್, ದೇವಸ್ಥಾನದಲ್ಲಿ ಸಮಿತಿಯವರು.

ಹೇಗೆ ಹೇಳಬೇಕು ಅನ್ನುವುದನ್ನು ಸಿಬ್ಬಂದಿಯ ಜೊತೆ ಒಮ್ಮೆ ಅಭ್ಯಾಸ ಮಾಡಿ. ಹತ್ತಿರ ಹೋಗಿ, ದನಿ ತಗ್ಗಿಸಿ, ಕೈ ಕಾಣುವಂತಿಟ್ಟುಕೊಂಡು ಹೇಳಿ. "ಸರ್, ನಮ್ಮಲ್ಲಿ ಗನ್ ತರುವ ಹಾಗಿಲ್ಲ. ದಯವಿಟ್ಟು ಕಾರಿನಲ್ಲಿಟ್ಟು ಬನ್ನಿ, ನಿಮ್ಮ ಟೇಬಲ್ ಹಾಗೇ ಇಟ್ಟಿರುತ್ತೇವೆ." ಇಷ್ಟೇ ಮಾತು. ಲೈಸೆನ್ಸ್ ತೋರಿಸಿ ಅಂತ ಕೇಳಬೇಡಿ. ಅದನ್ನು ಪರೀಕ್ಷಿಸುವುದು ನಿಮ್ಮ ಕೆಲಸವಲ್ಲ, ನಿಮಗೆ ಬೇಕಾಗಿಯೂ ಇಲ್ಲ. ಕಲಮು, ಸೆಕ್ಷನ್ ಅಂತ ವಾದಕ್ಕಿಳಿಯಬೇಡಿ. ಬಹಳ ಜನ "ಓ, ಸಾರಿ, ನೋಡಲಿಲ್ಲ" ಅಂತ ಎದ್ದು ಹೋಗುತ್ತಾರೆ. ಲೈಸೆನ್ಸ್ ತರಗತಿಯಲ್ಲಿ ಈ ಕಾನೂನು ಕಲಿತೇ ಬಂದಿರುತ್ತಾರೆ. ಅವರನ್ನು ಕಳ್ಳರಂತೆ ನೋಡಬಾರದು.

ಹೋಗುವುದಿಲ್ಲ ಅಂದರೆ ಇನ್ನೊಂದು ಮಾತಾಡಬೇಡಿ. ಹಿಂದೆ ಸರಿದು 911ಕ್ಕೆ ಫೋನ್ ಮಾಡಿ. ಮುಟ್ಟುವುದು, ದಾರಿಗೆ ಅಡ್ಡ ನಿಲ್ಲುವುದು, ಗನ್ನಿಗೆ ಕೈ ಹಾಕುವುದು, ಮೊಬೈಲು ಮುಖಕ್ಕೆ ಹಿಡಿದು ವಿಡಿಯೊ ಮಾಡುವುದು ಯಾವುದೂ ಬೇಡ. ಕುಡಿದವರು, ಸಿಟ್ಟಿನಲ್ಲಿರುವವರು ಅನ್ನಿಸಿದರೆ ಮೊದಲ ಮಾತನ್ನೂ ನೀವು ಹೇಳಲು ಹೋಗಬೇಡಿ. ನೇರ 911. ಇನ್ನೂರು ಡಾಲರ್ ದಂಡದ ವಿಷಯಕ್ಕೆ ಯಾರ ಜೀವವೂ ಹೋಗಬಾರದು. ಕೊಲ್ಲಲೆಂದೇ ಬರುವವರನ್ನು ಬೋರ್ಡು ತಡೆಯುವುದಿಲ್ಲ. ಅದು ಕಾನೂನಿಗೆ ತಲೆಬಾಗುವ ಜನರಿಗೆ ನೀವು ಹೇಳುವ ಮಾತು. ಅದರ ಮೇಲೆ ಅದಕ್ಕಿಂತ ದೊಡ್ಡ ನಂಬಿಕೆ ಇಟ್ಟು ಕ್ಯಾಮೆರಾ, ಹಿಂಬಾಗಿಲಿನ ದಾರಿ, ರಾತ್ರಿ ಒಬ್ಬರೇ ಅಂಗಡಿ ಮುಚ್ಚದಿರುವುದು, ಇವನ್ನು ಮರೆಯಬೇಡಿ.

ವಿನಂತಿಗೂ ನೋಟಿಸಿಗೂ ಇರುವ ವ್ಯತ್ಯಾಸವನ್ನೂ ಸಿಬ್ಬಂದಿಗೆ ಹೇಳಿ. 2019ರ ಆಗಸ್ಟ್‌ನಲ್ಲಿ ಎಲ್ ಪಾಸೊದ ವಾಲ್‌ಮಾರ್ಟ್‌ನಲ್ಲಿ ಆ ಭಯಾನಕ ಗುಂಡಿನ ದಾಳಿ ನಡೆಯಿತು. ಮುಂದಿನ ತಿಂಗಳು ಕಂಪನಿ, ಗನ್ ಕಾಣುವಂತೆ ತರಬೇಡಿ ಅಂತ ಗಿರಾಕಿಗಳನ್ನು ಕೇಳಿಕೊಂಡಿತು. ಬಳಸಿದ ಮಾತು ವಿನಂತಿಯದು. ವಿನಂತಿ ಮೀರಿದರೆ ಅಪರಾಧವಾಗುವುದಿಲ್ಲ. "ತರುವಂತಿಲ್ಲ, ಇಟ್ಟು ಬನ್ನಿ ಅಥವಾ ಹೊರಡಿ" ಅಂದಾಗ ಮಾತ್ರ ಅದು ನೋಟಿಸ್ ಆಗುತ್ತದೆ.

ಬಿಯರ್, ವೈನ್ ಮಾರುವವರಿಗೆ

ಕೆಂಪು ಅಕ್ಷರದಲ್ಲಿ ದೊಡ್ಡದಾಗಿ 51% ಅಂತಿರುವ ಬೋರ್ಡು ನೋಡಿರುತ್ತೀರಿ. ಅಲ್ಲೇ ಕುಡಿಯಲು ಮಾರುವ ಮದ್ಯದಿಂದಲೇ ಆದಾಯದ ಶೇಕಡಾ 51 ಅಥವಾ ಹೆಚ್ಚು ಬರುವ ಜಾಗ ಅದು. ಅಂದರೆ ಬಾರು. ಅಲ್ಲಿ ಗನ್ ತಂದರೆ 200 ಡಾಲರಿನ ಮಾತಲ್ಲ. ಮೂರನೇ ದರ್ಜೆಯ ಫೆಲನಿ, ಅಂದರೆ ಗಂಭೀರ ಅಪರಾಧ. ಎರಡರಿಂದ ಹತ್ತು ವರ್ಷ ಜೈಲಾಗಬಹುದು. ನಿಮ್ಮ ಜಾಗ ಆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಹೇಳುವುದು ಟೆಕ್ಸಸ್ ಆಲ್ಕೊಹಾಲಿಕ್ ಬೆವರೇಜ್ ಕಮಿಷನ್. ಊಟದ ಜೊತೆ ಬಿಯರ್ ಕೊಡುವ ನಮ್ಮ ಹೋಟೆಲುಗಳು ಸಾಮಾನ್ಯವಾಗಿ ಬರುವುದಿಲ್ಲ. ಹೆದರಿಸಲು ಆ ಕೆಂಪು ಬೋರ್ಡು ತಂದು ಹಾಕಬೇಡಿ. ನಿಮ್ಮ ಪರ್ಮಿಟ್ಟಿಗೆ ಯಾವ ಬೋರ್ಡು ಬೇಕು ಅಂತ ಕಮಿಷನ್ನಿನವರನ್ನೇ ಕೇಳಿ.

ದೇವಸ್ಥಾನ, ರಾಜ್ಯೋತ್ಸವ, ಬಾಡಿಗೆ ಹಾಲು

ದೇವಸ್ಥಾನದೊಳಗೆ ಗನ್ ತರುವಂತಿಲ್ಲ ಅಂತ ಕಾನೂನೇ ಹೇಳುತ್ತದೆ ಅಂದುಕೊಂಡವರು ಬಹಳ. 2019ರ ಸೆಪ್ಟೆಂಬರ್ 1ರಿಂದ ಪೂಜಾ ಸ್ಥಳಗಳನ್ನು ನಿಷೇಧದ ಪಟ್ಟಿಯಿಂದ ತೆಗೆದಿದ್ದಾರೆ. ಚರ್ಚು, ಮಸೀದಿ, ದೇವಸ್ಥಾನ ಎಲ್ಲವೂ ಈಗ ಅಂಗಡಿಯ ಹಾಗೆಯೇ. ಬೇಡ ಅಂದರೆ ಬೋರ್ಡು ಹಾಕಬೇಕು, ಇಲ್ಲವೇ ಬಾಯಲ್ಲಿ ಹೇಳಬೇಕು. ನಾನು ಹೋದ ಸಮಿತಿಯಲ್ಲಿ ಇದಕ್ಕೆ ಎರಡು ಗಂಟೆ ಚರ್ಚೆ ಆಯಿತು. ಹೊರಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ ಹಾಕೋಣ, ಗರ್ಭಗುಡಿಯ ಎದುರು ಬೇಡ ಅಂತ ಹಿರಿಯರೊಬ್ಬರು ಹೇಳಿದರು. ಕಾನೂನಿಗೂ ಅದೇ ಬೇಕಾದದ್ದು. ಪ್ರವೇಶದ ಜಾಗ, ಎಲ್ಲರ ಕಣ್ಣಿಗೆ ಬೀಳುವ ಜಾಗ. ದೇವಸ್ಥಾನಕ್ಕೆ ಕಾರ್ ಪಾರ್ಕಿಂಗ್ ಕಡೆಯಿಂದ, ಅಡುಗೆ ಮನೆ ಕಡೆಯಿಂದ, ಕಲ್ಯಾಣ ಮಂಟಪದ ಕಡೆಯಿಂದ ಬೇರೆ ಬೇರೆ ದಾರಿ ಇರುತ್ತದೆ. ಎಲ್ಲ ಕಡೆಯೂ ಬೇಕು.

ಕನ್ನಡ ಸಂಘದ ಕಾರ್ಯಕ್ರಮ ಶಾಲೆಯ ಆಡಿಟೋರಿಯಮ್ಮಿನಲ್ಲಿದ್ದರೆ ಚಿಂತೆ ಕಡಿಮೆ. ಶಾಲೆಯ ಕಟ್ಟಡದೊಳಗೆ ಗನ್ ತರುವುದನ್ನು ರಾಜ್ಯದ ಕಾನೂನೇ ನಿಷೇಧಿಸಿದೆ. ಖಾಸಗಿ ಹಾಲಾದರೆ ಮಾಲೀಕರ ಬೋರ್ಡು ನೋಡಿ, ಇಲ್ಲದಿದ್ದರೆ ಕರಾರಿನಲ್ಲೇ ಮಾತಾಡಿಕೊಳ್ಳಿ.

ತೊಡಕಿರುವುದು ಸಿಟಿಯ ಹಾಲು, ಸಿಟಿಯ ಪಾರ್ಕಿನಲ್ಲಿ. ಸರ್ಕಾರದ ಒಡೆತನದ ಅಥವಾ ಸರ್ಕಾರ ಬಾಡಿಗೆಗೆ ಪಡೆದ ಜಾಗದಲ್ಲಿ 30.06, 30.07 ಬೋರ್ಡಿಗೆ ಬಲವಿಲ್ಲ. ಬೇರೆ ಕಾನೂನು ಮೊದಲೇ ನಿಷೇಧಿಸಿದ ಜಾಗಗಳು ಮಾತ್ರ ಇದಕ್ಕೆ ಹೊರತು. ತಪ್ಪು ಬೋರ್ಡು ಹಾಕಿದ ಸರ್ಕಾರಿ ಸಂಸ್ಥೆಗೇ ದಿನಕ್ಕೆ ಸಾವಿರ ಡಾಲರಿನಿಂದ ದಂಡ ಶುರು. ಹಾಗಾದರೆ ಆ ಜಾಗವನ್ನು ಖಾಸಗಿ ಸಂಸ್ಥೆ ಬಾಡಿಗೆಗೆ ಹಿಡಿದರೆ? ಇದೇ ಪ್ರಶ್ನೆ ಡಾಲಸ್‌ನ ಸ್ಟೇಟ್ ಫೇರ್ ಆಫ್ ಟೆಕ್ಸಸ್‌ನಲ್ಲಿ ಎದ್ದಿತು. ಜಾತ್ರೆ ನಡೆಯುವ ಫೇರ್ ಪಾರ್ಕ್ ಡಾಲಸ್ ಸಿಟಿಯದು. ಜಾತ್ರೆ ನಡೆಸುವುದು ಖಾಸಗಿ ಸಂಸ್ಥೆ. 2023ರ ಅಕ್ಟೋಬರ್‌ನಲ್ಲಿ ಜಾತ್ರೆಯೊಳಗೆ ಗುಂಡು ಹಾರಿ ಮೂವರಿಗೆ ಗಾಯವಾಯಿತು. ಮರುವರ್ಷ ಯಾರೂ ಗನ್ ತರುವಂತಿಲ್ಲ ಅಂತ ಸಂಸ್ಥೆ ಹೇಳಿತು. ರಾಜ್ಯದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಕೋರ್ಟಿಗೆ ಹೋದರು. 2024ರ ಸೆಪ್ಟೆಂಬರ್ ಕೊನೆಯಲ್ಲಿ, ಜಾತ್ರೆ ಶುರುವಾಗುವ ಹೊತ್ತಿಗೆ, ಟೆಕ್ಸಸ್ ಸುಪ್ರೀಂ ಕೋರ್ಟ್ ನಿಷೇಧಕ್ಕೆ ತಡೆ ಕೊಡಲು ಒಪ್ಪಲಿಲ್ಲ. ಜಾತ್ರೆ ಆ ನಿಯಮದಡಿಯಲ್ಲೇ ನಡೆಯಿತು. ಅಷ್ಟು ದೊಡ್ಡ ಸಂಸ್ಥೆ ಇಷ್ಟು ಕೋರ್ಟು ಅಲೆಯಬೇಕಾಯಿತು ಅಂದ ಮೇಲೆ, ನಮ್ಮ ಸಂಘಗಳು ಸಿಟಿ ಹಾಲಿನಲ್ಲಿ ತಾವೇ ಬೋರ್ಡು ಹಾಕುವ ಮೊದಲು ವಕೀಲರನ್ನು ಕೇಳುವುದು ಒಳ್ಳೆಯದು.

ಕೆಲಸದವರ ಕಾರು, ಬಾಡಿಗೆ ಮನೆ

ನಿಮ್ಮ ಕೆಲಸಗಾರರು ಅಂಗಡಿಯೊಳಗೆ ಗನ್ ತರಬಾರದು ಅಂತ ನೀವು ನಿಯಮ ಮಾಡಬಹುದು. ಆದರೆ 2011ರಿಂದ, ಪಾರ್ಕಿಂಗ್ ಜಾಗದಲ್ಲಿ ಬೀಗ ಹಾಕಿದ ಅವರ ಸ್ವಂತ ಕಾರಿನೊಳಗೆ ಕಾನೂನುಬದ್ಧ ಗನ್ ಇಡುವುದನ್ನು ನೀವು ತಡೆಯುವಂತಿಲ್ಲ. ಕೆಲವು ಹೊರತುಗಳಿವೆ, ಮಾಮೂಲಿ ಅಂಗಡಿ, ಹೋಟೆಲಿಗೆ ಅವು ಸಂಬಂಧಿಸಿದ್ದಲ್ಲ. ಮನೆ ಬಾಡಿಗೆಗೆ ಕೊಟ್ಟವರು, 2019ರಿಂದ ಬಾಡಿಗೆದಾರರು ತಮ್ಮ ಮನೆಯೊಳಗೆ ಗನ್ ಇಟ್ಟುಕೊಳ್ಳಬಾರದು ಅಂತ ಷರತ್ತು ಹಾಕುವಂತಿಲ್ಲ.

ವೀಸಾದಲ್ಲಿರುವವರು ಇದನ್ನು ಎರಡು ಸಲ ಓದಿ

ಗನ್ ಬೇಡ ಅನ್ನುವುದನ್ನು ಬಿಟ್ಟು, ಗನ್ ಇಟ್ಟುಕೊಳ್ಳೋಣ ಅಂತ ಯೋಚಿಸುವವರೂ ನಮ್ಮಲ್ಲಿದ್ದಾರೆ. ರಾತ್ರಿ ಗ್ಯಾಸ್ ಸ್ಟೇಷನ್ ನೋಡಿಕೊಳ್ಳುವವರಿಗೆ ಆ ಯೋಚನೆ ಬರುವುದು ಸಹಜ. ಟೆಕ್ಸಸ್‌ನಲ್ಲಿ ಲೈಸೆನ್ಸೇ ಬೇಡವಂತೆ ಅಂತ ಯಾರೋ ಹೇಳಿರುತ್ತಾರೆ.

ಎಚ್‌-1ಬಿ, ಎಚ್‌-4, ಎಲ್‌-1, ಎಫ್‌-1, ಬಿ-2 ವೀಸಾದಲ್ಲಿ ಬಂದವರು ಗನ್ ಅಥವಾ ಗುಂಡು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇರುವವರಿಗೆ ವಿನಾಯಿತಿಯಂಥ ಕೆಲವು ಸಂದುಗಳಿವೆ. ಸಂದು ಇಲ್ಲದಿದ್ದರೆ 15 ವರ್ಷದವರೆಗೆ ಜೈಲಾಗಬಹುದು. ಟೆಕ್ಸಸ್ ಏನೇ ಸಡಿಲ ಮಾಡಿದರೂ ಇದು ಬದಲಾಗುವುದಿಲ್ಲ. ಗನ್ ನಿಮ್ಮ ಹೆಸರಿನಲ್ಲಿ ಇರಬೇಕು ಅಂತಲೂ ಇಲ್ಲ. ಕೌಂಟರಿನ ಕೆಳಗೆ ಮಾಲೀಕರ ಗನ್ ಇದ್ದು, ಬೇಕಾದಾಗ ತೆಗೆದುಕೋ ಅಂತ ನಿಮಗೆ ಹೇಳಿದ್ದರೆ ಅದೂ ನಿಮ್ಮ ಕೈಯಲ್ಲಿದ್ದ ಲೆಕ್ಕಕ್ಕೆ ಬರಬಹುದು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಶೂಟಿಂಗ್ ರೇಂಜಿಗೆ ಕರೆದೊಯ್ದು ಕೈಗೆ ಗನ್ ಕೊಟ್ಟು ಫೋಟೊ ತೆಗೆಸಬೇಡಿ. ಗ್ರೀನ್ ಕಾರ್ಡ್ ಅರ್ಜಿ ಹಾಕಿದ್ದೇನೆ ಅನ್ನುವುದೂ ಸಾಲದು. ಕಾರ್ಡು ಕೈಗೆ ಬರುವವರೆಗೆ ಕಾಯಿರಿ.

ಗ್ರೀನ್ ಕಾರ್ಡ್ ಇರುವವರು ಗನ್ ಇಟ್ಟುಕೊಳ್ಳಬಹುದು. ಆದರೆ ಗನ್ನಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ದೇಶದಿಂದ ಕಳಿಸಿಬಿಡಲು ವಲಸೆ ಕಾನೂನಿನಲ್ಲಿ ಅದಕ್ಕೇ ಬೇರೆ ಕಲಮಿದೆ. ಬೇರೆಯವರಿಗೆ 200 ಡಾಲರಿಗೆ ಮುಗಿಯುವ ಬೋರ್ಡಿನ ಕೇಸನ್ನು ನೀವು ಹಾಗೆ ದಂಡ ಕಟ್ಟಿ ಮುಗಿಸಬೇಡಿ. ತಪ್ಪೊಪ್ಪಿಕೊಳ್ಳುವ ಮುಂಚೆ ವಲಸೆ ವಕೀಲರ ಹತ್ತಿರ ಹೋಗಿ. ಗನ್ ಒಯ್ಯುವವರು ಯಾವ ಬಾಗಿಲಲ್ಲಾದರೂ ಬೋರ್ಡು ಕಂಡರೆ ಅದು ಸರಿಯೋ ತಪ್ಪೋ ಅಂತ ಅಳೆಯುತ್ತ ನಿಲ್ಲಬೇಡಿ. ಅವರು ಬೇಡ ಅನ್ನುತ್ತಿದ್ದಾರೆ, ಅಷ್ಟು ಸಾಕು.

ಬೋರ್ಡು ಹಾಕಲು, ಬಾಯಲ್ಲಿ ನೋಟಿಸ್ ಕೊಡಲು ಮಾತ್ರ ಯಾವ ವೀಸಾದ ಅಡ್ಡಿಯೂ ಇಲ್ಲ.

ಬೇರೆ ರಾಜ್ಯದಲ್ಲಿರುವವರಿಗೆ

ಮೇಲಿನ ನಂಬರು, ಅಳತೆ ಯಾವುದೂ ಟೆಕ್ಸಸ್ ಗಡಿ ದಾಟುವುದಿಲ್ಲ. ಇಲಿನಾಯ್‌ನಲ್ಲಿ ರಾಜ್ಯ ಪೊಲೀಸರು ಗೊತ್ತು ಮಾಡಿದ 4 ಇಂಚಿಗೆ 6 ಇಂಚಿನ ಚಿತ್ರದ ಬೋರ್ಡೇ ಕಾನೂನುಬದ್ಧ. ಡಾಲಸ್‌ನಲ್ಲಿ ಬಲವಿಲ್ಲದ ಚಿತ್ರಕ್ಕೆ ಶಿಕಾಗೊದಲ್ಲಿ ಬಲ. ವಿಸ್ಕಾನ್ಸಿನ್‌ನಲ್ಲಿ ಬೋರ್ಡು ಕನಿಷ್ಠ 5 ಇಂಚಿಗೆ 7 ಇಂಚು ಇರಬೇಕು. ಮಿನೆಸೋಟದಲ್ಲಿ ಅಕ್ಷರ ಒಂದೂವರೆ ಇಂಚು, ಏರಿಯಲ್ ಫಾಂಟು ಅಂತೆಲ್ಲ ಶಾಸನದಲ್ಲೇ ಬರೆದಿದ್ದಾರೆ. ಆದರೂ ಹೊರಡಿ ಅಂದಮೇಲೆ ಹೊರಡದಿದ್ದರೆ ಮಾತ್ರ ತಪ್ಪು, ಮೊದಲ ಸಲಕ್ಕೆ ದಂಡ 25 ಡಾಲರ್ ಮೀರುವಂತಿಲ್ಲ. ಫ್ಲಾರಿಡಾದಲ್ಲಿ ಖಾಸಗಿ ಅಂಗಡಿಯ ಗನ್ ಬೋರ್ಡಿಗೆಂದೇ ಶಾಸನದ ಒಕ್ಕಣೆ ಇಲ್ಲ. ಆದರೆ ಹೊರಡಿ ಅಂದಮೇಲೂ ಗನ್ ಇಟ್ಟುಕೊಂಡು ನಿಂತರೆ ಅದು ಫೆಲನಿ.

2022ರ ಜೂನ್‌ನಲ್ಲಿ ಬ್ರೂಯನ್ ಕೇಸಿನಲ್ಲಿ, ಮನೆಯ ಹೊರಗೂ ಗನ್ ಒಯ್ಯುವುದು ಜನರ ಹಕ್ಕು ಅನ್ನುವ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ ನ್ಯೂಯಾರ್ಕ್, ನ್ಯೂಜೆರ್ಸಿ, ಹವಾಯಿ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಲೆಕ್ಕವನ್ನೇ ತಿರುಗಿಸಿದವು. ಮಾಲೀಕರು "ತನ್ನಿ" ಅಂತ ಬೋರ್ಡು ಹಾಕದಿದ್ದರೆ ಗನ್ ತರುವಂತಿಲ್ಲ ಅಂದವು. ಅದರ ಮೇಲೆ ಕೋರ್ಟುಗಳಲ್ಲಿ ಜಗಳ ನಡೆದು, ಹವಾಯಿಯ ಕೇಸನ್ನು 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಿಚಾರಣೆಗೆ ಎತ್ತಿಕೊಂಡಿತು. ಆ ರಾಜ್ಯಗಳಲ್ಲಿ ಅಂಗಡಿ ಇರುವವರು ಅದರ ಫಲ ನೋಡಿಕೊಂಡೇ ಬೋರ್ಡು ಮಾಡಿಸಿ.

ಟೆಕ್ಸಸ್‌ನವರಿಗೆ ಒಂದು ಕೊನೆಯ ಕೆಲಸ. ಇಲ್ಲಿನ ಶಾಸನಸಭೆ ಬೆಸ ಸಂಖ್ಯೆಯ ವರ್ಷಗಳ ಜನವರಿಯಲ್ಲಿ ಸೇರುತ್ತದೆ. ಹೊಸ ಕಾನೂನುಗಳು ಸಾಮಾನ್ಯವಾಗಿ ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿ. 2019, 2021 ಎರಡೂ ಸಲ ಹೀಗೇ ಆಯಿತು. ಗೆಳೆಯ ತನ್ನ ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ 2027ರ ಸೆಪ್ಟೆಂಬರ್‌ಗೆ ಈಗಲೇ ಗುರುತು ಹಾಕಿದ್ದಾನೆ. ಆ ವಾರ ಶಾಸನದ ಪುಟ ತೆರೆದು ಬಾಗಿಲಿನ ಒಕ್ಕಣೆಯ ಜೊತೆ ಸಾಲು ಸಾಲಾಗಿ ಹೋಲಿಸಿ ನೋಡುತ್ತಾನೆ. ಬಿಸಿಲಿಗೆ ಅಕ್ಷರ ಮಾಸಿದ್ದರೆ ಅದನ್ನೂ ಅಂದೇ ಬದಲಿಸುತ್ತಾನಂತೆ.